ಭಾರ ಎತ್ತುವವರ ತಲೆನೋವು

ಈ ಮಾತುಗಳನ್ನು ಕೇಳುತ್ತ ಕುಳಿತಿರುವವರು ತಮ್ಮ ಕಾಲ ಕೆಳಗಿನ ನೆಲವನ್ನು ಒಮ್ಮೆ ನೋಡಿಕೊಳ್ಳಬೇಕು. ಮನೆ ಸ್ವಲ್ಪ ಹಳೆಯದಾಗಿದ್ದರೆ ಅದು ಶಹಾಬಾದಿ ಕಲ್ಲಿನ ನೆಲವಾಗಿರುವ ಸಂಭವವೇ ಹೆಚ್ಚು. ನಮ್ಮ ಕಡೆ ಇದಕ್ಕೆ ಪರಸಿ ಎನ್ನುತ್ತಾರೆ. ಬೇಸಿಗೆಯಲ್ಲಿ ತಣ್ಣಗಿರುವ, ಒರೆಸಿದಷ್ಟೂ ನುಣುಪಾಗುವ ಈ ಕಲ್ಲು ಹೈದರಾಬಾದಿನ ಹಜಾರಗಳಿಗೂ ಮುಂಬಯಿಯ ಚಾಳುಗಳಿಗೂ ಹೋಗಿದೆ. ಅದು ಹುಟ್ಟುವ ನೆಲ ಚಿತ್ತಾಪುರ, ಶಹಾಬಾದ, ವಾಡಿ, ಸೇಡಂಗಳ ಸುತ್ತಿನ ಸೀಮೆ. ರಾವೂರ ಆ ಸೀಮೆಯ ಒಂದು ಊರು. ಭೀಮೆಯ ಈ ಬಯಲಿನಲ್ಲಿ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಮಲಗಿದೆ. ಉಳಿ ಇಟ್ಟು, ಹಾರೆ ಹಾಕಿ, ಪದರನ್ನು ಬಿಡಿಸಿ ಎಬ್ಬಿಸಿದರೆ ಹಾಸುಗಲ್ಲು. ಅದೇ ಕಲ್ಲನ್ನು ಅರೆದು ಸುಟ್ಟರೆ ಸಿಮೆಂಟು. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳು ನಿಂತಿರುವುದು ಈ ಪದರುಗಳ ಮೇಲೆಯೇ.

ಕಲ್ಲು ನೆಲದಲ್ಲಿ ಮಲಗಿರುವಾಗ ಅದರ ಭಾರ ನಮಗೆ ತಿಳಿಯುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ಒಂದು ಚದರಡಿ ಅಗಲದ, ಒಂದು ಅಂಗುಲ ದಪ್ಪದ ಸುಣ್ಣಕಲ್ಲು ಹೆಚ್ಚು ಕಡಿಮೆ ಆರೂಕಾಲು ಕಿಲೋ ತೂಗುತ್ತದೆ. ಮೂರಡಿ ಉದ್ದ, ಎರಡಡಿ ಅಗಲ, ಎರಡು ಅಂಗುಲ ದಪ್ಪದ ಒಂದು ಹಾಸುಗಲ್ಲು ಎಂದರೆ ಸುಮಾರು 75 ಕಿಲೋ. ಒಂದು ಸಿಮೆಂಟಿನ ಚೀಲ 50 ಕಿಲೋ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಭಾರ ಹೊರುವ ಕೆಲಸದ ಬಗ್ಗೆ ಕೆಲವು ಶಿಫಾರಸುಗಳನ್ನು ಮಾಡಿತು. ವಯಸ್ಕ ಗಂಡಾಳು ಒಬ್ಬನೇ ಕೈಯಿಂದ ಸಾಗಿಸಬಹುದಾದ ಭಾರಕ್ಕೆ 55 ಕಿಲೋ ಮೇರೆ ಎಂದು ಅದರಲ್ಲಿ ಹೇಳಿದೆ. ಕಲ್ಲಿಗೆ ಈ ಶಿಫಾರಸು ಗೊತ್ತಿಲ್ಲ. ಅದನ್ನು ಲಾರಿಗೆ ಏರಿಸುವವನಿಗೂ ಗೊತ್ತಿರುವುದು ಅಪರೂಪ. ಈಗ ಗಣಿಗಳಲ್ಲಿ ಕಲ್ಲು ಕೊಯ್ಯುವ ಯಂತ್ರಗಳು ಬಂದಿವೆ, ನಿಜ. ಆದರೆ ಕೊಯ್ದ ಕಲ್ಲನ್ನು ಎಬ್ಬಿಸಿ ನಿಲ್ಲಿಸಿ ಗಾಡಿಗೆ ಇಡುವ ಕೆಲಸದಲ್ಲಿ ಮನುಷ್ಯನ ಬೆನ್ನು, ತೋಳು, ಕುತ್ತಿಗೆಗಳಿಗೆ ಇನ್ನೂ ಬಿಡುವು ಸಿಕ್ಕಿಲ್ಲ.

ಭಾರ ಎತ್ತುವವನ ಸೊಂಟ ನೋಯುವುದು ಎಲ್ಲರಿಗೂ ತಿಳಿದ ಮಾತು. ತಲೆ ನೋಯುತ್ತದೆ ಎಂದರೆ ಮಾತ್ರ ಜನ ನಗುತ್ತಾರೆ. ಎತ್ತಿದ್ದು ಕೈ, ನೋಯುವುದು ತಲೆಯೆ? ಹೌದು, ನೋಯುತ್ತದೆ. ಕಲ್ಲನ್ನು ಎಬ್ಬಿಸುವ ಗಳಿಗೆಯಲ್ಲಿಯೇ, ಇಲ್ಲವೆ ಎಬ್ಬಿಸಿ ಇಟ್ಟ ಸ್ವಲ್ಪ ಹೊತ್ತಿಗೆ, ಹಿಂದಲೆಯಿಂದಲೋ ಎರಡು ಕಪಾಲಗಳಿಂದಲೋ ಎದ್ದು ತಲೆಯನ್ನೆಲ್ಲ ತುಂಬಿಕೊಳ್ಳುವ ನೋವಿದು. ಗಣಿಯಲ್ಲಿ ಒಬ್ಬ ಹುಡುಗ ತಲೆ ಹಿಡಿದು ಕುಳಿತ ಎಂದುಕೊಳ್ಳಿರಿ. "ತಲಿ ಭಾಳ ನೋಯ್ಲತ್ತದ ಕಾಕಾ" ಎನ್ನುತ್ತಾನೆ. ಹಿರಿಯ ಆಳು ಹೇಳುವುದು ಒಂದೇ: "ಬಿಸ್ಲು ಬಡದಾದ ತಮ್ಮಾ, ಒಂದು ಗುಳಿಗಿ ನುಂಗಿ ನೆಳ್ಳಾಗ ಮಕ್ಕೋ." ಈ ಸಲಹೆ ಹತ್ತರಲ್ಲಿ ಹಲವು ಸಲ ಸರಿಯಾಗಿಯೇ ಇರುತ್ತದೆ. ತಪ್ಪಿದ ಸಲ ಮಾತ್ರ ಅದಕ್ಕೆ ಪ್ರಾಣವನ್ನೇ ತೆರಬೇಕಾದೀತು. ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಮನೆಯವರು ತಿಳಿದಿರಬೇಕೆಂಬುದೇ ಇಂದಿನ ಭಾಷಣದ ಉದ್ದೇಶ.

ಮೊದಲು ಈ ನೋವು ಹುಟ್ಟುವ ಬಗೆಯನ್ನು ನೋಡೋಣ. ಭಾರವಾದ ವಸ್ತುವನ್ನು ಎತ್ತುವಾಗ ನಾವು ಮಾಡುವ ಮೊದಲನೆಯ ಕೆಲಸ ಯಾವುದು? ಉಸಿರು ಕಟ್ಟುವುದು. ಯಾರೂ ಕಲಿಸದೆ ಮಾಡುತ್ತೇವೆ. ಎದೆ ತುಂಬ ಗಾಳಿ ಹಿಡಿದು, ಗಂಟಲು ಬಿಗಿದು, ಹೊಟ್ಟೆಯನ್ನು ಗಟ್ಟಿಮಾಡಿ ಮುಕ್ಕಿರಿಯುತ್ತೇವೆ. ಮುಖ ಕೆಂಪೇರುತ್ತದೆ, ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬುತ್ತವೆ. ಜನ ನರ ಎನ್ನುವುದು ನಿಜವಾಗಿ ರಕ್ತನಾಳಗಳಿಗೆ, ತಲೆಯಿಂದ ಹೃದಯಕ್ಕೆ ಮಲಿನರಕ್ತವನ್ನು ಇಳಿಸುವ ಅಭಿಧಮನಿಗಳಿಗೆ. ಎದೆಯೊಳಗಿನ ಒತ್ತಡ ಏರಿದಾಗ ಆ ರಕ್ತ ಸಲೀಸಾಗಿ ಕೆಳಗಿಳಿಯಲಾರದು. ಬಾಗಿಲಲ್ಲಿ ಜನ ನೂಕಾಡಿದರೆ ಒಳಗಿನ ಹಜಾರ ಕಿಕ್ಕಿರಿಯುವಂತೆ ತಲೆಬುರುಡೆಯೊಳಗೆ ರಕ್ತ ತುಂಬಿ ಅಲ್ಲಿಯ ಒತ್ತಡ ಏರುತ್ತದೆ. ಮೆದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಚುಚ್ಚಿದರೂ ಅದಕ್ಕೆ ತಿಳಿಯದು. ಆದರೆ ಅದನ್ನು ಸುತ್ತಿರುವ ಪೊರೆಗಳಿಗೂ ಅವುಗಳಲ್ಲಿ ಹರಿಯುವ ರಕ್ತನಾಳಗಳಿಗೂ ನೋವು ಚೆನ್ನಾಗಿಯೇ ತಿಳಿಯುತ್ತದೆ. ಹೀಗೆ ಉಸಿರು ಕಟ್ಟಿ ಮುಕ್ಕುವುದಕ್ಕೆ ವೈದ್ಯರು ವಲ್ಸಾಲ್ವಾ ಕ್ರಿಯೆ ಎನ್ನುತ್ತಾರೆ. ವಲ್ಸಾಲ್ವಾ ಇಟಲಿಯ ಬೊಲೊನ್ಯಾದ ವೈದ್ಯ. 1704ರಲ್ಲಿ ಕಿವಿಯ ಬಗ್ಗೆ ಬರೆದ ಪುಸ್ತಕದಲ್ಲಿ ಬಾಯಿ ಮೂಗು ಮುಚ್ಚಿ ಗಾಳಿ ಒತ್ತುವುದನ್ನು ವಿವರಿಸಿದ. ಹೆಸರು ಹಾಗೆಯೇ ನಿಂತಿತು. ಕಿವಿಗೆಂದು ಹೇಳಿದ್ದು ಕಲ್ಲೆತ್ತುವವನ ತಲೆಗೆ ಬಂದು ಕುಳಿತಿದೆ.

ಒತ್ತಡ ಎಷ್ಟು ಏರುತ್ತದೆ ಎಂಬುದನ್ನು ಅಳೆದವರೂ ಉಂಟು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1985ರಲ್ಲಿ ಪಳಗಿದ ಐವರು ದೇಹದಾರ್ಢ್ಯಪಟುಗಳ ತೋಳಿನ ಧಮನಿಯೊಳಗೇ ನಳಿಗೆ ಇಟ್ಟು, ಅವರು ಭಾರಿ ತೂಕವನ್ನು ಕಾಲಿನಿಂದ ಒತ್ತುತ್ತಿರುವಾಗ ರಕ್ತದ ಒತ್ತಡ ನೋಡಿದರು. ಸುಮ್ಮನೆ ಕುಳಿತ ಆರೋಗ್ಯವಂತನಲ್ಲಿ ಅದು 120ಕ್ಕೆ 80ರ ಸುತ್ತ ಇರುತ್ತದೆ ಎಂದು ನಿಮಗೆ ಗೊತ್ತು. ಅವರಲ್ಲಿ ಸರಾಸರಿ 320ಕ್ಕೆ 250 ಬಂತು. ಒಬ್ಬನಲ್ಲಂತೂ 480ಕ್ಕೆ 350ನ್ನೂ ದಾಟಿತು. ಕೆಲವು ಕ್ಷಣ ಮಾತ್ರ. ಭಾರ ಇಳಿಸಿದೊಡನೆ ಅದು ಇಳಿಯಿತು. ಗಟ್ಟಿಯಾದ ರಕ್ತನಾಳಗಳು ಈ ಕೆಲವು ಕ್ಷಣಗಳನ್ನು ತಡೆದುಕೊಳ್ಳುತ್ತವೆ. ಎಲ್ಲೋ ಒಂದು ಕಡೆ ನಾಳ ತೆಳುವಾಗಿದ್ದರೆ? ಆ ಮಾತಿಗೆ ಆಮೇಲೆ ಬರುತ್ತೇನೆ.

ಶ್ರಮದಿಂದ ಬರುವ ತಲೆನೋವನ್ನು ಒಂದು ಪ್ರತ್ಯೇಕ ಕಾಯಿಲೆಯೆಂದು ಫ್ರಾನ್ಸಿನ ವೈದ್ಯ ಜೂಲ್ ತಿನೆಲ್ 1932ರಲ್ಲಿಯೇ ಬರೆದಿದ್ದ. ಇಂದಿನ ವೈದ್ಯರು ಹೀಗೆ ವಿವರಿಸುತ್ತಾರೆ: ಗಟ್ಟಿ ಶ್ರಮ ಮಾಡುವಾಗ ಅಥವಾ ಮಾಡಿದ ಮೇಲೆ ಮಾತ್ರ ಬರುವುದು, ಎರಡು ದಿನದೊಳಗೆ ಹೋಗಿಬಿಡುವುದು, ಬೇರೆ ಯಾವ ರೋಗವೂ ಹಿಂದೆ ಇಲ್ಲದ್ದು. ಬಹುಮಟ್ಟಿಗೆ ಅದು ನಾಡಿಯ ಲಯಕ್ಕೆ ತಕ್ಕಂತೆ ಡವಡವ ಎಂದು ಮಿಡಿಯುವ ನೋವು. ಬಿಸಿಲಿನಲ್ಲಿ ಹೆಚ್ಚು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಬಿಳಿಚಾದ ಕಲ್ಲು ಆ ಬಿಸಿಲನ್ನು ಮತ್ತೆ ಮುಖಕ್ಕೆ ಎರಚುತ್ತದೆ. ಮೈಯ ನೀರೂ ಉಪ್ಪೂ ಬೆವರಿನಲ್ಲಿ ಹೋಗಿರುತ್ತವೆ. ಮುಂಜಾನೆ ಒಂದು ಬಟ್ಟಲು ಚಹಾ ಕುಡಿದು ಬಂದವನ ಹೊಟ್ಟೆ ಬರಿದಾಗಿರುತ್ತದೆ. ಇವೆಲ್ಲ ಕೂಡಿದರೆ ತಲೆ ನೋಯದಿರುವುದೇ ಆಶ್ಚರ್ಯ. ಆದ್ದರಿಂದ "ಬಿಸ್ಲು ಬಡದಾದ" ಎಂದ ಕಾಕಾ ಪೂರ್ತಿ ದಡ್ಡನಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ದಯವಿಟ್ಟು ಗಮನಿಸಿರಿ. ಅಂತರರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದಲ್ಲಿ ಈ ನಿರಪಾಯದ ನೋವಿಗೆ ಇಟ್ಟ ಮೊದಲ ಲಕ್ಷಣ ಏನೆಂದರೆ, ಅದು ಕನಿಷ್ಠ ಎರಡು ಸಲ ಬಂದಿರಬೇಕು. ಅಂದರೆ ಮೊದಲ ಸಲ ಬಂದ ನೋವಿಗೆ ಈ ಹೆಸರನ್ನು ಯಾರೂ ಇಡುವಂತಿಲ್ಲ. ಕಾಕಾನೂ ಇಡುವಂತಿಲ್ಲ, ವೈದ್ಯನೂ ಇಡುವಂತಿಲ್ಲ. ಭಾರ ಎತ್ತುವಾಗ ಜೀವನದಲ್ಲಿ ಮೊದಲ ಬಾರಿಗೆ ಬಲವಾದ ತಲೆನೋವು ಬಂದರೆ, ಅಪಾಯವಿಲ್ಲ ಎಂಬುದು ಪರೀಕ್ಷೆಯ ನಂತರ ಹೇಳಬೇಕಾದ ಮಾತು. ಪರೀಕ್ಷೆಗೆ ಬದಲಾಗಿ ಹೇಳುವ ಮಾತಲ್ಲ.

ಈ ಎಚ್ಚರ ಏಕೆ ಎಂಬುದಕ್ಕೆ ಹಳೆಯದೊಂದು ಲೆಕ್ಕವಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ರೂಕ್ ಎಂಬವನು ಶ್ರಮದಿಂದ ತಲೆನೋವು ಬರುತ್ತಿದ್ದ 103 ಮಂದಿಯನ್ನು, ಮೊದಲ ಪರೀಕ್ಷೆಯಲ್ಲಿ ಯಾವ ರೋಗವೂ ಕಾಣದವರನ್ನು, ವರ್ಷಗಟ್ಟಲೆ ಹಿಂಬಾಲಿಸಿ 1968ರಲ್ಲಿ ವರದಿ ಬರೆದ. ಹೆಚ್ಚಿನವರ ನೋವು ಕಾಲಕ್ರಮದಲ್ಲಿ ಕಡಿಮೆಯಾಯಿತು, ಇಲ್ಲವೆ ಹೋಗಿಯೇ ಬಿಟ್ಟಿತು. ಆದರೆ ಹತ್ತು ಮಂದಿಯ ತಲೆಯೊಳಗೆ ನಿಜವಾದ ದೋಷ ಮುಂದೆ ಪತ್ತೆಯಾಯಿತು. ಅದು ಸಿ.ಟಿ. ಸ್ಕ್ಯಾನ್ ಇಲ್ಲದ ಕಾಲ. ತಲೆಯೊಳಗನ್ನು ನೋಡುವ ಆ ಯಂತ್ರ ಮೊದಲ ರೋಗಿಯನ್ನು ಕಂಡದ್ದು 1971ರಲ್ಲಿ. ಆ ಹತ್ತು ಮಂದಿ ಕಾಯಬೇಕಾಯಿತು. ಇಂದು ಕಲಬುರಗಿಯಲ್ಲಿಯೇ ಸ್ಕ್ಯಾನ್ ಆಗುತ್ತದೆ. ಕಾಯುವ ಕಾರಣವಿಲ್ಲ.

ಈಗ ತೆಳುವಾದ ನಾಳದ ಮಾತು. ಮೆದುಳಿನ ಅಡಿಯಲ್ಲಿ ಧಮನಿಗಳು ಕವಲೊಡೆಯುವ ಕಡೆ ಗೋಡೆ ಸಡಿಲವಾಗಿ ಸಣ್ಣ ಗುಳ್ಳೆಯಂತೆ ಉಬ್ಬುವುದುಂಟು. ಹಳೆಯ ಸೈಕಲ್ ಟ್ಯೂಬಿನಲ್ಲಿ ಒಂದು ಕಡೆ ಬುಗುಟು ಬರುವುದಿಲ್ಲವೆ, ಹಾಗೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂಥ ಗುಳ್ಳೆ ಇರುತ್ತದೆ ಎಂದು ಲೆಕ್ಕ. ಬಹುಪಾಲು ಗುಳ್ಳೆಗಳು ಜನ್ಮವಿಡೀ ಒಡೆಯುವುದೇ ಇಲ್ಲ. ಇದ್ದವನಿಗೆ ಇದೆಯೆಂದೇ ತಿಳಿಯುವುದಿಲ್ಲ. ಒಡೆದರೆ ಮಾತ್ರ ರಕ್ತ ಮೆದುಳಿನ ಪೊರೆಗಳ ನಡುವೆ ಚಿಮ್ಮುತ್ತದೆ. ಒಡೆಯುವುದಕ್ಕೆ ಭಾರವೇ ಎತ್ತಬೇಕೆಂದಿಲ್ಲ; ನಿದ್ದೆಯಲ್ಲಿಯೂ ಒಡೆದದ್ದುಂಟು. ಆದರೆ ಮುಕ್ಕುವ ಗಳಿಗೆ ಅದಕ್ಕೆ ಒಂದು ನೆಪವಾಗಬಲ್ಲದು. ಗುಳ್ಳೆಯನ್ನು ಬೆಳೆಸುವವರಲ್ಲಿ ಇಬ್ಬರು ಮುಖ್ಯರು: ಬೀಡಿ ಸಿಗರೇಟಿನ ಹೊಗೆ, ಮತ್ತು ವರ್ಷಗಟ್ಟಲೆ ಔಷಧವಿಲ್ಲದೆ ಬಿಟ್ಟ ರಕ್ತದೊತ್ತಡ.

ಈ ರಕ್ತಸ್ರಾವದ ನೋವು ಇತರ ನೋವಿನಂತೆ ಮೆಲ್ಲಗೆ ಏರುವುದಿಲ್ಲ. ಸಿಡಿಲು ಹೊಡೆದಂತೆ ಬರುತ್ತದೆ. ಒಂದು ನಿಮಿಷದೊಳಗೆ ಅದರ ತುತ್ತತುದಿ ಮುಟ್ಟಿರುತ್ತದೆ. "ಯಾರೋ ಹಿಂದಿನಿಂದ ಬಡಿಗೆಯಿಂದ ಹೊಡೆದಂಗ ಆತು" ಎಂದು ರೋಗಿ ಹೇಳಬಹುದು. ವಾಂತಿಯಾಗಬಹುದು. ಬೆಳಕು ಬೇಡವೆನಿಸಬಹುದು. ಒಂದು ಗಳಿಗೆ ಎಚ್ಚರ ತಪ್ಪಬಹುದು, ಸೆಳವು ಬರಬಹುದು, ಒಂದು ಕಣ್ಣಿನ ರೆಪ್ಪೆ ಜೋಲಬಹುದು, ಮಾತು ತೊದಲಬಹುದು. ಗದ್ದವನ್ನು ಎದೆಗೆ ಮುಟ್ಟಿಸಲಾಗದಂತೆ ಕುತ್ತಿಗೆ ಬಿಗಿಯುತ್ತದೆ, ಆದರೆ ಇದು ಕೆಲವು ತಾಸುಗಳ ನಂತರ ಬರುವ ಲಕ್ಷಣ. ಕುತ್ತಿಗೆ ಮೆತ್ತಗಿದೆ, ಆದ್ದರಿಂದ ಭಯವಿಲ್ಲ ಎಂದು ಮೊದಲ ತಾಸಿನಲ್ಲಿ ತೀರ್ಮಾನಿಸಕೂಡದು. ಇನ್ನೂ ಮೋಸದ ಸಂಗತಿ ಒಂದಿದೆ. ಕೆಲವರಲ್ಲಿ ಮೊದಲು ಸ್ವಲ್ಪವೇ ರಕ್ತ ಜಿನುಗಿ, ನೋವು ಬಂದು, ಒಂದೆರಡು ದಿನದಲ್ಲಿ ತಗ್ಗಿ, ಆ ಮೇಲೆ ದೊಡ್ಡದಾಗಿ ಒಡೆಯುತ್ತದೆ. ಅಂಥವನು ಗುಳಿಗೆ ನುಂಗಿ ಮಲಗಿ ಎದ್ದು, "ಈಗ ಆರಾಮ ಅದ" ಎಂದು ಮತ್ತೆ ಗಣಿಗೆ ಹೋಗಿರುತ್ತಾನೆ. ನೋವು ಇಳಿಯಿತೆಂಬುದೇ ಸಮಾಧಾನಕ್ಕೆ ಸಾಲದು ಎಂದು ಹೇಳಿದ್ದು ಇದಕ್ಕಾಗಿ.

ಹೀಗೆ ಸಿಡಿಲಿನಂತೆ ಬಂದ ತಲೆನೋವುಗಳೆಲ್ಲ ರಕ್ತಸ್ರಾವವೇ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆಸ್ಪತ್ರೆಗೆ ಬಂದ ಅಂಥ ಹತ್ತು ಮಂದಿಯಲ್ಲಿ ಒಬ್ಬಿಬ್ಬರದು ಅದಾಗಿರಬಹುದು. ಆದರೆ ಆ ಒಬ್ಬಿಬ್ಬರ ಪಾಡು ಕಠಿಣ. ಗುಳ್ಳೆ ಒಡೆದವರಲ್ಲಿ ಮೂರರಲ್ಲಿ ಒಬ್ಬರಷ್ಟು ಜನ ಉಳಿಯುವುದಿಲ್ಲ. ಒಡೆದ ಗುಳ್ಳೆ ಮತ್ತೆ ಒಡೆಯುವ ಭಯ ಮೊದಲ ದಿನದಲ್ಲಿಯೇ ಅತಿ ಹೆಚ್ಚು. ಅದನ್ನು ಮುಚ್ಚುವ ಉಪಾಯ ವೈದ್ಯರ ಕೈಯಲ್ಲಿದೆ. 1937ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಅಮೆರಿಕದ ಶಸ್ತ್ರವೈದ್ಯ ತಲೆ ತೆರೆದು ಗುಳ್ಳೆಯ ಕತ್ತಿಗೆ ಲೋಹದ ಚಿಮಟ ಹಾಕಿ ಮುಚ್ಚಿದ. ಈಗ ತಲೆ ತೆರೆಯದೆ, ತೊಡೆಯ ಧಮನಿಯಿಂದ ತೆಳ್ಳನೆಯ ನಳಿಗೆ ಕಳಿಸಿ, ಗುಳ್ಳೆಯೊಳಗೆ ಲೋಹದ ಎಳೆ ಸುತ್ತಿ ತುಂಬಿ ಮುಚ್ಚುವುದೂ ಸಾಧ್ಯ. ಇವೆಲ್ಲ ರೋಗಿ ಸಮಯಕ್ಕೆ ಬಂದರೆ ಮಾತ್ರ. ನೋವು ಹುಟ್ಟಿ ಆರು ತಾಸಿನೊಳಗೆ ಒಳ್ಳೆಯ ಸಿ.ಟಿ. ಸ್ಕ್ಯಾನ್ ಆದರೆ ರಕ್ತಸ್ರಾವ ಬಹುತೇಕ ತಪ್ಪದೆ ಕಾಣುತ್ತದೆ. ಹೊತ್ತು ಕಳೆದಂತೆ ರಕ್ತದ ಗುರುತು ಮಾಸುತ್ತ ಹೋಗುತ್ತದೆ. ಆಗ ಬೆನ್ನುಹುರಿಯ ನೀರು ತೆಗೆದು ನೋಡಬೇಕಾಗುತ್ತದೆ. ರಾವೂರಿನಿಂದ ಕಲಬುರಗಿ ಆರು ತಾಸಿನ ದಾರಿಯಲ್ಲ. ದಾರಿ ಉದ್ದವಾಗುವುದು ನಾವು "ನಾಳೆ ನೋಡೋಣ" ಎನ್ನುವುದರಿಂದ.

ಮನೆಯವರು ಆ ಹೊತ್ತಿನಲ್ಲಿ ಮಾಡಬೇಕಾದದ್ದು ಬಹಳವೇನಿಲ್ಲ. ರೋಗಿಯನ್ನು ಮಲಗಿಸಿ 108ಕ್ಕೆ ಫೋನು ಮಾಡಬೇಕು. ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ನೀರು, ಹಾಲು ಏನನ್ನೂ ಹಾಕಬಾರದು. ಆಸ್ಪಿರಿನ್ ಗುಳಿಗೆ ಕೊಡಕೂಡದು, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಕುತ್ತಿಗೆ ಹಿಡಿದಿದೆ ಎಂದು ತಿಕ್ಕಿಸುವುದು, ಲಟಕ್ಕೆನಿಸಿ ತಿರುಗಿಸುವುದು ಬೇಡವೇ ಬೇಡ. ದೃಷ್ಟಿ ತೆಗೆಯುವುದಿದ್ದರೆ ಗಾಡಿ ಬರುವಷ್ಟರಲ್ಲಿ ತೆಗೆದು ಮುಗಿಸಿರಿ. ಅದಕ್ಕಾಗಿ ಗಾಡಿಯನ್ನು ನಿಲ್ಲಿಸಬೇಡಿರಿ. ರೇಷನ್ ಚೀಟಿ, ಇ.ಎಸ್.ಐ. ಚೀಟಿ, ಇದ್ದರೆ ಬಿ.ಪಿ. ಗುಳಿಗೆಯ ಪಟ್ಟಿ ಜೊತೆಗಿರಲಿ. ದವಾಖಾನೆಯಲ್ಲಿ ಬರಿಯ "ತಲಿ ನೋಯ್ತದ" ಎಂದರೆ ಸಾಲದು. ಅಂಥವರು ಸಾಲಿನಲ್ಲಿ ಇಪ್ಪತ್ತು ಮಂದಿ ಇರುತ್ತಾರೆ. ಕಲ್ಲು ಎತ್ತುವಾಗ ಬಂತು, ಒಮ್ಮೆಲೇ ಬಂತು, ಹಿಂದೆ ಎಂದೂ ಹೀಗೆ ಬಂದಿಲ್ಲ ಎಂದು ಬಿಡಿಸಿ ಹೇಳಬೇಕು. ಎಷ್ಟು ಗಂಟೆಗೆ ಬಂತು ಎಂಬುದನ್ನೂ ಹೇಳಬೇಕು. ಸಾಲಿನಲ್ಲಿ ಅವನ ಸರದಿಯನ್ನು ಮುಂದೆ ತರುವುದು ಈ ಮಾತುಗಳೇ.

ಭಾರದಿಂದ ಬರುವ ಇನ್ನೂ ಕೆಲವು ತಲೆನೋವುಗಳಿವೆ. ಅವು ಅಪರೂಪ, ಆದರೆ ಅವುಗಳ ಗುರುತು ತಿಳಿದಿದ್ದರೆ ಒಳಿತು. ಭಾರ ಎತ್ತಿದ ಮೇಲೆ ಶುರುವಾದ ನೋವು ಎದ್ದು ಕುಳಿತರೆ ಹೆಚ್ಚಾಗಿ, ಮಲಗಿದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತಿದ್ದರೆ, ಬೆನ್ನುಹುರಿಯ ಸುತ್ತಿನ ಪೊರೆ ಎಲ್ಲೋ ಸಣ್ಣಗೆ ಹರಿದು ಅದರ ನೀರು ಸೋರುತ್ತಿರಬಹುದು. ಸೋಮಾರಿತನಕ್ಕೆ ಮಲಗುತ್ತಾನೆ ಎಂದು ಬೈಸಿಕೊಳ್ಳುವವರಲ್ಲಿ ಇಂಥವರೂ ಇರುತ್ತಾರೆ. ಹಾಸಿಗೆಯ ವಿಶ್ರಾಂತಿಯಿಂದ ಹಲವರಿಗೆ ಗುಣವಾಗುತ್ತದೆ. ಆಗದಿದ್ದರೆ ರೋಗಿಯದೇ ರಕ್ತವನ್ನು ಸ್ವಲ್ಪ ತೆಗೆದು ಬೆನ್ನಿನಲ್ಲಿ ಹಾಕಿ ಆ ತೂತನ್ನು ಮುಚ್ಚುವ ಚಿಕಿತ್ಸೆಯಿದೆ. ಕುತ್ತಿಗೆಯ ಒಂದೇ ಪಕ್ಕದಲ್ಲಿ ಹೊಸದಾಗಿ ನೋವು ಹುಟ್ಟಿ, ಅದೇ ಪಕ್ಕದ ರೆಪ್ಪೆ ಇಳಿಬಿದ್ದರೆ, ಕುತ್ತಿಗೆಯ ಧಮನಿಯ ಒಳಗೋಡೆ ಸೀಳಿರುವ ಸಂಶಯ ಪಡಬೇಕು. ಇದು ಪಾರ್ಶ್ವವಾಯುವಿಗೆ ದಾರಿ. ಕೆಮ್ಮಿದರೆ, ಸೀನಿದರೆ, ಮುಕ್ಕಿದರೆ ಹಿಂದಲೆ ಕೆಲವು ಕ್ಷಣ ಒಡೆದಂತಾಗುವವರಲ್ಲಿ ಕೆಲವರಿಗೆ ಮೆದುಳಿನ ಹಿಂಭಾಗ ಬುರುಡೆಯ ಕೆಳಬಾಗಿಲಿನಿಂದ ತುಸು ಕೆಳಗಿಳಿದಿರುತ್ತದೆ. ಐವತ್ತು ದಾಟಿದವರಿಗೆ ಮೆಟ್ಟಿಲು ಹತ್ತಿದಾಗ, ಕೊಡ ಎತ್ತಿದಾಗ ತಲೆ ನೋಯತೊಡಗಿ, ನಿಂತರೆ ನೋವು ನಿಲ್ಲುತ್ತಿದ್ದರೆ ತಲೆಯ ಜೊತೆಗೆ ಹೃದಯವನ್ನೂ ತೋರಿಸಬೇಕು. ಹೃದಯಕ್ಕೆ ರಕ್ತ ಸಾಲದಾದಾಗ ಎದೆಗೆ ಬದಲು ತಲೆ ನೋಯುವುದು ವಿರಳವಾದರೂ ಉಂಟು.

ಹೆಂಗಸರ ಮಾತನ್ನು ಬಿಟ್ಟರೆ ಈ ಭಾಷಣ ಅರ್ಧವಾದೀತು. ಒಂದು ಕೊಡದಲ್ಲಿ ಹದಿನೈದು ಲೀಟರು ನೀರು ಹಿಡಿದರೆ ಅದು ಹದಿನೈದು ಕಿಲೋ; ಕೊಡದ ತೂಕ ಬೇರೆ. ಕಲ್ಲಿನ ಚೂರು ತುಂಬಿದ ಬುಟ್ಟಿ ಅದಕ್ಕಿಂತ ಭಾರ. ತಲೆಯ ಮೇಲೆ ಹೊರುವವರ ನೋವಿನ ದಾರಿ ಬೇರೆ. ಇಲ್ಲಿ ಉಸಿರಿಗಿಂತ ಕುತ್ತಿಗೆ ಮುಖ್ಯ. ದಿನವಿಡೀ ಭಾರವನ್ನು ನೆಟ್ಟಗೆ ಹಿಡಿದ ಕುತ್ತಿಗೆಯ ಸ್ನಾಯುಗಳು ಬಿಗಿದುಕೊಂಡು, ಸಂಜೆಗೆ ಹಿಂದಲೆಯಿಂದ ಹಣೆಯವರೆಗೆ ಪಟ್ಟಿ ಬಿಗಿದಂತೆ ನೋವು ಹಬ್ಬುತ್ತದೆ. ನೆತ್ತಿಯ ಚರ್ಮವೇ ಒತ್ತಡಕ್ಕೆ ನೋಯುವುದೂ ಉಂಟು. ಸಿಂಬಿ ದಪ್ಪಗೆ, ಅಗಲವಾಗಿ ಇದ್ದಷ್ಟೂ ನೆತ್ತಿಗೆ ಸುಖ. ಈ ನೋವಿನಲ್ಲಿ ಪ್ರಾಣಭಯವಿಲ್ಲ. ಆದರೆ ದಿನವೂ ಬರುವ ನೋವನ್ನು ಮನೆಯಲ್ಲಿ ಯಾರೂ ನೋವೆಂದು ಎಣಿಸದಿರುವುದು, ನನ್ನ ಮಟ್ಟಿಗೆ, ಸಣ್ಣ ಸಂಗತಿಯಲ್ಲ.

ಪೇಟೆಯ ಮನೆಗಳಲ್ಲಿ ಭಾರ ಎತ್ತುವವರು ಮತ್ತೊಂದು ವರ್ಗದವರು. ಹಿಂದೆ ಗರಡಿಮನೆ, ತಾಲೀಮು. ಈಗ ಕಬ್ಬಿಣದ ಯಂತ್ರಗಳ ವ್ಯಾಯಾಮಶಾಲೆ, ಜನ ಜಿಮ್ ಎನ್ನುವುದು. ನಾಗರಪಂಚಮಿಗೋ ಜಾತ್ರೆಗೋ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತವೆ, ನೋಡಲು ಸೊಗಸು. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯನ್ನೂ, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚನ್ನೂ ಗೆದ್ದುದನ್ನು ನೀವು ಕೇಳಿರುತ್ತೀರಿ. 61 ಕಿಲೋ ವರ್ಗದ ಆ ಯುವಕ ಎರಡು ಬಗೆಯ ಎತ್ತುಗಳಲ್ಲಿ ಒಟ್ಟು 269 ಕಿಲೋ ಎತ್ತಿದ. ಅಂಥವರು ಎತ್ತುವಾಗ ಉಸಿರು ಕಟ್ಟುವುದಿಲ್ಲವೆ ಎಂದು ನೀವು ಕೇಳಬಹುದು. ಕಟ್ಟುತ್ತಾರೆ, ಬೆನ್ನೆಲುಬು ಅಲುಗದಂತೆ ನಿಲ್ಲಲು ಅದು ಬೇಕು. ಆದರೆ ಅದು ಕೆಲವೇ ಸೆಕೆಂಡುಗಳ ಮಾತು, ಗುರುವಿನ ಕಣ್ಣೆದುರಿನಲ್ಲಿ, ಮೈ ಕಾಯಿಸಿಕೊಂಡ ಮೇಲೆ, ವರ್ಷಗಳ ಕಾಲ ಗ್ರಾಂ ಗ್ರಾಮಾಗಿ ಏರಿಸಿದ ತೂಕದಲ್ಲಿ. ಎತ್ತಿದ ಮೇಲೆ ಅವರಿಗೆ ಬಿಡುವುಂಟು. ಗಣಿಯ ಆಳಿಗೆ ಒಂದರ ಹಿಂದೆ ಒಂದು ಕಲ್ಲು ಕಾದಿರುತ್ತದೆ. ಮದುವೆ ಗೊತ್ತಾದ ಮೇಲೆ ಮೂರು ತಿಂಗಳಲ್ಲಿ ಎದೆ ಅಗಲ ಮಾಡಿಕೊಳ್ಳಬೇಕೆಂದು ಜಿಮ್ಮಿಗೆ ಸೇರಿದ ಹುಡುಗನಿಗೂ ಆ ತಾಳ್ಮೆ ಇರುವುದಿಲ್ಲ.

ಹಾಗಾದರೆ ದುಡಿಯುವವನು ಹೇಗೆ ಎತ್ತಬೇಕು? ಎತ್ತುವ ಮುನ್ನ ಉಸಿರು ಒಳಗೆ, ಎತ್ತುವಾಗ ಬಾಯಿಂದ ಹೊರಗೆ. ಹಮಾಲರು, ಬಂಡೆ ಉರುಳಿಸುವವರು ಒಟ್ಟಿಗೆ "ಐಸಾ" ಎಂದು ಕೂಗುತ್ತಾರಲ್ಲ, ಆ ಕೂಗಿನಲ್ಲಿ ಈ ವಿದ್ಯೆ ತಾನಾಗಿಯೇ ಇದೆ. ಕೂಗುವವನು ಉಸಿರು ಕಟ್ಟಲಾರ. ಒಬ್ಬನೇ ಮೌನವಾಗಿ ಹಲ್ಲು ಕಚ್ಚಿ ಎತ್ತುವುದಕ್ಕಿಂತ ಇಬ್ಬರು ಕೂಗಿ ಎತ್ತುವುದು ತಲೆಗೂ ಒಳ್ಳೆಯದು, ಸೊಂಟಕ್ಕೂ ಒಳ್ಳೆಯದು. 75 ಕಿಲೋದ ಹಾಸುಗಲ್ಲು ಇಬ್ಬರ ಪಾಲಿಗೆ ಮೂವತ್ತೇಳೂವರೆ ಕಿಲೋ ಆಗುತ್ತದೆ. ಎತ್ತುವುದರ ಬದಲು ಹಾರೆಯಿಂದ ಮೀಟಿ, ಕೆಳಗೆ ಗುಂಡುಕೋಲು ಇಟ್ಟು ಜಾರಿಸಲು ಬರುವ ಕಡೆ ಎತ್ತುವ ಹಟವೇಕೆ? ಬೇಸಿಗೆಯಲ್ಲಿ ಭಾರದ ಕೆಲಸ ಹತ್ತು ಗಂಟೆಯೊಳಗೆ ಮುಗಿಯಲಿ. ಕೆಲಸ ಶುರುವಾಗುವ ಮುಂಚೆಯೇ ರೊಟ್ಟಿ ತಿಂದು ನೀರು ಕುಡಿದಿರಬೇಕು. ನಡುವೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ. ಬಿ.ಪಿ. ಹೆಚ್ಚಿದೆಯೆಂದು ಗೊತ್ತಿರುವವರು ಗುಳಿಗೆಯನ್ನು ತಪ್ಪಿಸಿ ಭಾರಕ್ಕೆ ಕೈ ಹಾಕಬಾರದು. ಮನೆಗೆ ಗ್ಯಾಸ್ ಸಿಲಿಂಡರ್ ತರುವವನನ್ನು, ಅಕ್ಕಿ ಚೀಲ ಮಾಳಿಗೆಗೆ ಏರಿಸುವವನನ್ನು ಅವಸರ ಮಾಡದಿರುವುದು ನಮ್ಮ ಕೈಯಲ್ಲಿರುವ ಸಂಗತಿ.

ಇನ್ನು ಗುಳಿಗೆಯ ವಿಷಯ. ಪರೀಕ್ಷೆಯಾಗಿ, ದೋಷವಿಲ್ಲವೆಂದು ತಿಳಿದು, ಶ್ರಮದ ತಲೆನೋವೆಂದೇ ಹೆಸರಿಟ್ಟ ಮೇಲೆ ವೈದ್ಯರು ಕೆಲವು ವಾರ ಭಾರ ತಗ್ಗಿಸಲು ಹೇಳುತ್ತಾರೆ. ಹಲವರಲ್ಲಿ ಈ ನೋವು ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ತಾನಾಗಿ ಬಿಟ್ಟುಹೋಗುತ್ತದೆ. ಅಲ್ಲಿಯವರೆಗೆ ತಡೆಯಲು ಇಂಡೊಮೆಥಾಸಿನ್, ಪ್ರೊಪ್ರನಲಾಲ್ ಎಂಬ ಔಷಧಗಳಿವೆ. ಮೊದಲನೆಯದು ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಆಗದು. ಎರಡನೆಯದು ದಮ್ಮಿನ ರೋಗಿಗೆ ಆಗದು. ಇದರ ಬದಲು ಕಿರಾಣಿ ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಯನ್ನು ದಿನವೂ ನುಂಗುವವರಿದ್ದಾರೆ. ತಿಂಗಳಿಗೆ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ದಿನ, ಮೂರು ತಿಂಗಳು ಮೀರಿ ಹಾಗೆ ನುಂಗಿದರೆ, ಗುಳಿಗೆಯಿಂದಲೇ ಹೊಸ ತಲೆನೋವು ಹುಟ್ಟುತ್ತದೆ. ಅದಕ್ಕೆ ಮತ್ತೆ ಗುಳಿಗೆ. ನೆರೆಮನೆಯ ಅಣ್ಣನಿಗೆ ಗುಣ ಕೊಟ್ಟಿತೆಂದು ಅವನ ಚೀಟಿ ತೋರಿಸಿ ಅದೇ ಗುಳಿಗೆ ತರಿಸುವುದಂತೂ ಬೇಡ. ಅವನ ನೋವು ಹತ್ತನೆಯ ಸಲದ್ದು, ನಿಮ್ಮ ಮನೆಯ ಹುಡುಗನದು ಮೊದಲನೆಯ ಸಲದ್ದು ಇದ್ದೀತು.